ಚಾರ್ಜ್ ಯಾರಿಗೆ ಕೊಡಲಿ?

ನಮ್ಮ ಧಣಿಯನ್ನು ನಾವು ಅಣ್ಣ ಅನ್ನಬೇಕು. ವಯಸ್ಸಿನಲ್ಲಿ ಆತ ನನಗಿಂತ ಚಿಕ್ಕವನು. ಆದರೂ ಅಣ್ಣ. ಅವನು ನಮ್ಮನ್ನು ತಂಗಿ ಅನ್ನುತ್ತಾನೆ. ಮೇಟ್ರನ್‌ಗೆ ದೊಡ್ಡಮ್ಮ ಅನ್ನಬೇಕು. ಹಾಸಿಗೆ ಹಿಡಿದ ಗಂಡಸರೆಲ್ಲ ಅಪ್ಪಂದಿರು, ಹೆಂಗಸರೆಲ್ಲ ಅಮ್ಮಂದಿರು. ಕೆಲಸಕ್ಕೆ ಸೇರಿದ ದಿನವೇ ಇದನ್ನೆಲ್ಲ ಬಾಯಿಪಾಠ ಮಾಡಿಸುತ್ತಾರೆ. ಸಂಬಳದ ಮಾತು ತೆಗೆದರೆ ಮಾತ್ರ ದೊಡ್ಡಮ್ಮನ ಮುಖ ಬಾಡುತ್ತದೆ. "ಹೆತ್ತವರಿಗೆ ನೀರು ಕುಡಿಸೋಕೆ ಯಾರಾದರೂ ಕೂಲಿ ಕೇಳ್ತಾರೇನಮ್ಮ?" ಅನ್ನುತ್ತಾಳೆ. ಸಂಬಂಧ ಧಾರಾಳ, ಸಂಬಳ ಬಿಗಿ. ಅದು ನಮ್ಮ ಆರೈಕೆ ಮನೆ.

ನಾನು ನಡುವಿನ ಮಹಡಿಯ ನರ್ಸ್. ಎದ್ದು ಕೂರಲಾಗದವರ ಮಹಡಿ ಅದು. ಬೆಳಕು ಹರಿಯುವ ಹೊತ್ತಿಗೆ ಒಳಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಹೊರಗೆ. ಬಟ್ಟೆ ಬದಲಿಸುವುದು, ಮೈ ಒರೆಸುವುದು, ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವುದು, ಉಚ್ಚೆಯ ಚೀಲ ಖಾಲಿ ಮಾಡುವುದು. ಇವೆಲ್ಲಕ್ಕಿಂತ ಹೆಚ್ಚಾಗಿ ಮಗ್ಗುಲು ಬದಲಿಸುವುದು. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಎಡದಿಂದ ಬಲಕ್ಕೆ, ಬಲದಿಂದ ಬೆನ್ನಿಗೆ ಹೊರಳಿಸಬೇಕು. ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗುತ್ತದೆ. ಬೆರಳಿಟ್ಟು ಒತ್ತಿದರೆ ಕೆಂಪು ಮಾಯವಾಗದು. ಆಮೇಲೆ ಬೊಬ್ಬೆ. ಆಮೇಲೆ ಒಡೆದು ಒಳಗಿನದು ಕಾಣುತ್ತದೆ. ಹಾಸಿಗೆ ಹುಣ್ಣು ಅಂದರೆ ಅದು. ನಮ್ಮಪ್ಪ ಹಳ್ಳಿಯಲ್ಲಿ ಎಮ್ಮೆ ಕಟ್ಟಿದ್ದ. ಕಾಯಿಲೆ ಬಿದ್ದ ಎಮ್ಮೆಯನ್ನು ನಾಲ್ಕು ಜನರನ್ನು ಕೂಗಿ ಕರೆದು ಹೊರಳಿಸುತ್ತಿದ್ದ. ಒಂದೇ ಮಗ್ಗುಲಲ್ಲಿ ಬಿದ್ದದ್ದು ಏಳುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಎಮ್ಮೆಗೆ ನಾಲ್ಕು ಜನ. ನಮ್ಮ ಮಹಡಿಯಲ್ಲಿ ಇಪ್ಪತ್ತು ಹಾಸಿಗೆಗೆ ಇಬ್ಬರು. ನಾನು, ಮತ್ತು ನಾವು ಗಿಡ್ಡಿ ಅಂತ ಕರೆಯುವ ಹುಡುಗಿ. ಮಂಚದ ಎತ್ತರಕ್ಕೆ ಅವಳು ಹಿಮ್ಮಡಿ ಎತ್ತಿ ನಿಂತೇ ಕೆಲಸ ಮಾಡುತ್ತಾಳೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಚಾರ್ಜ್ ಕೊಡುವುದು ಅಂತ. ಪಾಳಿ ಮುಗಿದವಳು ಸುಮ್ಮನೆ ಚೀಲ ಹೆಗಲಿಗೆ ಹಾಕಿ ಹೋಗುವ ಹಾಗಿಲ್ಲ. ಬರುವವಳನ್ನು ಕರೆದುಕೊಂಡು ಹಾಸಿಗೆ ಹಾಸಿಗೆಗೆ ಹೋಗಬೇಕು. ಇಬ್ಬರೂ ಮಂಚದ ಆಚೆ ಈಚೆ ನಿಂತು ರೋಗಿಯನ್ನು ಹೊರಳಿಸಿ ಬೆನ್ನು ನೋಡಬೇಕು. ನೋಡಿದವಳು ರೋಗಿಯ ಮೈಮೇಲೆ ಕೈಯಿಟ್ಟು "ತಗೊಂಡೆ" ಅನ್ನಬೇಕು. ಆ ಮಾತು ಬರುವವರೆಗೆ ರೋಗಿ ನಿನ್ನವನು. ಒಳ್ಳೆಯ ಪದ್ಧತಿ, ಬೇಡ ಅನ್ನುವುದಿಲ್ಲ. ಆದರೆ ಅಣ್ಣ ಅದನ್ನೇ ನಮ್ಮನ್ನು ಕಟ್ಟಿಹಾಕುವ ಕಣ್ಣಿ ಮಾಡಿಕೊಂಡ. ರಾತ್ರಿ ಪಾಳಿಗೆ ಮೊದಲು ಬರುವವಳನ್ನು ಕೆಲಸಕ್ಕೇ ಇಟ್ಟುಕೊಳ್ಳದಿದ್ದರೆ ಹೋಗುವವಳು ಎಲ್ಲಿಗೆ ಹೋಗುತ್ತಾಳೆ? ಬಾಗಿಲಿಗೆ ಬೀಗ ಬೇಕಿಲ್ಲ. "ತಗೊಂಡೆ" ಅನ್ನಲು ಯಾರೂ ಇಲ್ಲದಿದ್ದರೆ ಸಾಕು.

ನಮ್ಮಮ್ಮನಿಗೆ ಎಡಗೈ ಎಡಗಾಲು ಬಿದ್ದುಹೋದದ್ದು ಈ ವರ್ಷ. ಅಪ್ಪ ಈಗಿಲ್ಲ. ನನ್ನ ಗಂಡ ಲಾರಿಯವನು, ಮನೆಯ ದಾರಿ ನೆನಪಾದಾಗ ಬರುತ್ತಾನೆ. ಪಕ್ಕದ ಮನೆಯವಳು ಹಗಲು ಹೊತ್ತು ನೀರು, ಗಂಜಿ ಕುಡಿಸುತ್ತಾಳೆ. ಎತ್ತಿ ಹೊರಳಿಸುವುದು ಅವಳಿಂದ ಆಗದು, ತುಂಬಿದ ಬಸುರಿ. ನಾನು ಬೆಳಿಗ್ಗೆ ಅಮ್ಮನನ್ನು ಎಡಕ್ಕೆ ಮಲಗಿಸಿ ಹೋಗುತ್ತೇನೆ, ಸಂಜೆ ಬರುವಾಗ ಎಡಕ್ಕೇ ಇರುತ್ತಾಳೆ. ಒಂದು ಸಂಜೆ ಸೀರೆ ಸರಿಸಿದರೆ ಸೊಂಟದ ಹತ್ತಿರ ಕೆಂಪು. ಬೆರಳಿಟ್ಟೆ. ಮಾಯವಾಗಲಿಲ್ಲ.

ನಮ್ಮ ಮನೆ ದೂರವೇನಿಲ್ಲ. ಆರೈಕೆ ಮನೆಯ ಹಿಂದಿನ ಗೋಡೆ, ಗೋಡೆಯಾಚೆ ಚರಂಡಿ, ಚರಂಡಿಯಾಚೆ ನಮ್ಮ ಮನೆಗಳ ಸಾಲು. ತಾರಸಿಯ ಮೇಲೆ ಹೊದಿಕೆ ಒಣಹಾಕಲು ಹೋದಾಗ ನಮ್ಮ ಮನೆಯ ತಗಡಿನ ಚಾವಣಿ ಕಾಣುತ್ತದೆ. ಯಾರದೋ ಅಮ್ಮನ ಹೊದಿಕೆಗೆ ಕ್ಲಿಪ್ಪು ಹಾಕುತ್ತಾ ನಮ್ಮಮ್ಮನ ಮೇಲಿನ ಆ ತಗಡನ್ನು ನೋಡುತ್ತಿದ್ದೆ. ಕೈ ಚಾಚಿದರೆ ಸಿಗುವ ಹಾಗೆ.

ಅಣ್ಣನ ಕೋಣೆಗೆ ಹೋದೆ. ತಣ್ಣಗಿನ ಗಾಳಿಯ ಕೋಣೆ. ಗೋಡೆಯ ಮೇಲೆ ಅಣ್ಣ ಒಬ್ಬ ಅಜ್ಜಿಯ ಕಾಲು ಒತ್ತುತ್ತಿರುವ ದೊಡ್ಡ ಫೋಟೋ. ಆ ಅಜ್ಜಿಯ ಕಾಲನ್ನು ಅವನು ಒತ್ತಿದ್ದು ಫೋಟೋ ತೆಗೆಯುವವನು "ಆಯ್ತು ಸಾರ್" ಅನ್ನುವವರೆಗೆ. ಫೋಟೋದಲ್ಲಿ ಕಾಣದ ಹಾಗೆ ಅಜ್ಜಿಯ ಬೆನ್ನಿಗೆ ಆಸರೆಯಾಗಿ ಕೂತಿದ್ದವಳು ನಾನೇ.

"ಅಣ್ಣ, ಮಧ್ಯಾಹ್ನ ಮುಕ್ಕಾಲು ಗಂಟೆ ಬಿಡಿ. ಅಮ್ಮನ್ನ ಹೊರಳಿಸಿ, ಒರೆಸಿ ಬಂದುಬಿಡ್ತೀನಿ. ಸಂಜೆ ಅಷ್ಟು ಹೊತ್ತು ಹೆಚ್ಚಿಗೆ ಇರ್ತೀನಿ."

ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಅದೊಂದು ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತದೆ. "ತಂಗಿ, ಇಲ್ಲಿ ಎಷ್ಟು ಅಮ್ಮಂದಿರಿದ್ದಾರೆ ನೋಡು. ಒಬ್ಬ ಅಮ್ಮನಿಗೋಸ್ಕರ ಇಷ್ಟು ಅಮ್ಮಂದಿರನ್ನ ಬಿಟ್ಟು ಹೋಗ್ತೀಯಾ?"

"ಇವರಿಗೆ ನಾವಿದೀವಿ ಅಣ್ಣ. ಅವಳಿಗೆ ಯಾರೂ ಇಲ್ಲ."

"ಹಾಗಂದ್ರೆ ಹೇಗೆ? ನಾನಿಲ್ವಾ? ನಾಳೆನೇ ಇಲ್ಲಿಗೆ ಸೇರಿಸು. ನಮ್ಮವಳು ಅಂತ ರಿಯಾಯಿತಿ ಕೊಡ್ತೀನಿ."

ರಿಯಾಯಿತಿ ಕಳೆದ ಮೇಲೂ ಅಲ್ಲಿನ ಒಂದು ತಿಂಗಳ ಶುಲ್ಕ ನನ್ನ ಎರಡು ತಿಂಗಳ ಸಂಬಳ. ಅಂದರೆ ನಾನು ಎರಡು ತಿಂಗಳು ಬೇರೆಯವರ ಅಮ್ಮನನ್ನು ಹೊರಳಿಸಿದರೆ, ಒಂದು ತಿಂಗಳು ನನ್ನ ಅಮ್ಮನನ್ನು ನಾನೇ ಹೊರಳಿಸಬಹುದು. ಬಾಗಿಲು ಎಳೆದುಕೊಂಡು ಬಂದೆ.

ಅದಾದ ಸ್ವಲ್ಪ ದಿನಕ್ಕೆ ಊಟದ ಕೋಣೆಯಲ್ಲಿ ಸಭೆ ಕರೆದರು. ಎಲ್ಲರಿಗೂ ಒಂದೊಂದು ಸಿಹಿ. ಅಣ್ಣ ಎದ್ದು ನಿಂತ. "ಮುಂದಿನ ತಿಂಗಳಿಂದ ನಿಮಗೆಲ್ಲ ಅನುಕೂಲದ ವೇಳೆ. ಹೊರದೇಶದಲ್ಲೆಲ್ಲ ಇದೇ ಈಗ. ಗಂಟೆಗೆ ಕಟ್ಟುಬಿದ್ದು ದುಡಿಯೋ ಕಾಲ ಹೋಯ್ತು" ಅಂದ. ನಾವು ಚಪ್ಪಾಳೆ ತಟ್ಟಿದೆವು. ಗಿಡ್ಡಿ ನನ್ನ ತೊಡೆ ಚಿವುಟಿದಳು, "ಅಕ್ಕ, ನಿನ್ನ ಮಧ್ಯಾಹ್ನ ಸಿಕ್ತು!" ಅಂತ. ಸಿಹಿ ಗಂಟಲಲ್ಲಿ ಇಳಿಯುವ ಮೊದಲೇ ದೊಡ್ಡಮ್ಮ ವಿವರ ಹೇಳಿದಳು. ಇನ್ನು ಮೇಲೆ ಪಾಳಿಗೆ ನಿಗದಿಯಾದ ಹೊತ್ತಿಲ್ಲ. ಫೋನ್ ಬಂದಾಗ ಬರಬೇಕು. ಹೋಗು ಅಂದಾಗ ಹೋಗಬೇಕು. ಫೋನ್ ಬಾರದ ದಿನಕ್ಕೆ ಸಂಬಳವಿಲ್ಲ. ಒಲ್ಲೆ ಅನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಹಾಗೆ ಅಂದವರಿಗೆ ಮತ್ತೆ ಫೋನ್ ಬರುವುದಿಲ್ಲ.

"ಅನುಕೂಲ ಯಾರಿಗೆ ದೊಡ್ಡಮ್ಮ?" ಅಂದಳು ಗಿಡ್ಡಿ.

"ಎಲ್ಲರಿಗೂ ಕಣೇ."

"ಎಲ್ಲರೂ ಅಂದ್ರೆ ಯಾರು?"

ದೊಡ್ಡಮ್ಮ ಅವಳ ತಟ್ಟೆಯಿಂದ ಉಳಿದ ಅರ್ಧ ಸಿಹಿ ಎತ್ತಿಕೊಂಡು ಹೋದಳು.

ಹಗ್ಗ ಉದ್ದ ಬಿಟ್ಟರೆ ಎಮ್ಮೆಗೆ ಬಿಡುಗಡೆ ಅಂತಲ್ಲ. ಗೂಟ ಇದ್ದಲ್ಲೇ ಇರುತ್ತದೆ. ಆ ತಿಂಗಳು ಅಮ್ಮನ ಸೊಂಟದಲ್ಲಿ ಬೊಬ್ಬೆ ಎದ್ದಿತು.

ಆಗ ತಪಾಸಣೆಯ ಸುದ್ದಿ ಬಂತು. ಆರೈಕೆ ಮನೆಯ ಪರವಾನಗಿ ಮುಗಿಯುತ್ತಿತ್ತು. ಇಷ್ಟು ಹಾಸಿಗೆಗೆ ಇಷ್ಟು ನರ್ಸ್ ಇರಲೇಬೇಕು ಅಂತ ಸರ್ಕಾರದ ನಿಯಮ. ನಮ್ಮಲ್ಲಿ ಅದರ ಅರ್ಧವೂ ಇಲ್ಲ. ತಪಾಸಣೆಗೆ ಬರುವ ಮೇಡಂ ಕಟ್ಟುನಿಟ್ಟು, ಕವರ್ ತೆಗೆದುಕೊಳ್ಳುವವರಲ್ಲ, ತಲೆ ಎಣಿಸುತ್ತಾರೆ ಅಂತ ಮಾತು ಹಬ್ಬಿತು. ಅಣ್ಣನಿಗೂ ಚಿಂತೆಯಾಯಿತು. ಹೊಸ ನರ್ಸ್‌ಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಯೋಚನೆ ಬಂದಿರಬಹುದು, ಬಂದ ಹಾಗೇ ಹೋಗಿರಬಹುದು. ಅವನು ಹೊಸ ಯೂನಿಫಾರ್ಮ್ ಹೊಲಿಸಿದ.

ತಪಾಸಣೆಯ ದಿನ ಬೆಳಿಗ್ಗೆ ವ್ಯಾನ್‌ನಲ್ಲಿ ಒಂದು ತಂಡ ಹೆಂಗಸರು ಬಂದಿಳಿದರು. ಸಂತೆಯವರು, ಹೊಲಿಗೆ ಶೆಡ್ಡಿನವರು, ಅಣ್ಣನ ಡ್ರೈವರ್‌ನ ನಾದಿನಿ. ಊಟದ ಕೋಣೆಯಲ್ಲಿ ಅವರಿಗೆ ಬಿಳಿ ಬಟ್ಟೆ ಹಂಚಿದರು. ಗುಂಡಿ ಹಾಕಿ, ಬ್ಯಾಡ್ಜ್ ಚುಚ್ಚಿ ಕಳಿಸುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದವಳು ಸೊಪ್ಪು ಮಾರುವ ಹೆಂಗಸು. ಮೂಟೆ ಎತ್ತಿ ಎತ್ತಿ ತೋಳು ತೊಲೆಯ ಹಾಗಿತ್ತು. ತೋಳಿನ ಹೊಲಿಗೆ ಬಿಚ್ಚಿ ಸೇಫ್ಟಿ ಪಿನ್ ಹಾಕಿದೆ.

"ನಾವೇನು ಮಾಡಬೇಕಮ್ಮ?" ಅಂತ ಅವಳು ದೊಡ್ಡಮ್ಮನನ್ನು ಕೇಳಿದಳು.

"ಏನೂ ಮಾಡಬಾರದು. ಅದೇ ಮುಖ್ಯ. ನಗುಮುಖ ಇಟ್ಕೊಂಡು ಮಂಚದ ಪಕ್ಕ ನಿಂತಿರಿ. ಮೇಡಂ ಏನಾದರೂ ಕೇಳಿದ್ರೆ, ಸೀನಿಯರ್‌ನ ಕೇಳಿ ಅನ್ನಿ."

ದೊಡ್ಡಮ್ಮ ಆಚೆ ಹೋದ ಮೇಲೆ ಸೊಪ್ಪಿನಕ್ಕ ನನ್ನ ಕಡೆ ಬಗ್ಗಿದಳು. "ನಿನಗೆ ದಿನಕ್ಕೆಷ್ಟು ಕೊಡ್ತಾರೆ?"

ಹೇಳಿದೆ.

"ಸುಳ್ಳು ಹೇಳ್ಬೇಡ."

"ದೇವರಾಣೆ."

"ಅಯ್ಯೋ, ನನಗೆ ಅದರ ಮೂರರಷ್ಟು ಅಂದಿದ್ದಾರಲ್ಲೇ! ಬರೀ ನಿಲ್ಲೋಕೆ!" ಅವಳು ಪಿನ್ ಹಾಕಿದ ತೋಳು ನೋಡಿಕೊಂಡಳು. "ನೀನು ನಿಲ್ಲೋದು ಬಿಟ್ಟು ಕೆಲಸ ಬೇರೆ ಮಾಡ್ತೀಯಲ್ಲ, ಅದಕ್ಕೇ ಕಡಿಮೆ ಕೊಡ್ತಾರೆ ಅನ್ಸುತ್ತೆ."

ಗಿಡ್ಡಿ ಬಾಯಿಗೆ ಸೆರಗು ತುರುಕಿಕೊಳ್ಳಲು ಹೋದಳು. ಸೆರಗಿರಲಿಲ್ಲ, ಯೂನಿಫಾರ್ಮ್. ತೋಳು ಕಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಆಮೇಲೆ ನಗು ನಿಂತಿತು. ಹೊಲಿಗೆ ಬಿಚ್ಚಲು ತಂದ ಕತ್ತರಿ ಕೈಯಲ್ಲೇ ಇತ್ತು. ಜೋಪಾನವಾಗಿ ಡಬ್ಬಿಯೊಳಗೆ ಇಟ್ಟೆ.

ಮೇಡಂ ಹನ್ನೊಂದರ ಮೇಲೆ ಬಂದರು. ಅಣ್ಣ ಅವರ ಹಿಂದೆ, ದೊಡ್ಡಮ್ಮ ಅಣ್ಣನ ಹಿಂದೆ. ನಮ್ಮ ಮಹಡಿಗೆ ಬರುವ ಹೊತ್ತಿಗೆ ಮಧ್ಯಾಹ್ನ. ಪ್ರತಿ ಎರಡು ಮಂಚಕ್ಕೊಬ್ಬಳು ಬಿಳಿ ಬಟ್ಟೆಯವಳು ಹಲ್ಲು ಬಿಟ್ಟು ನಿಂತಿದ್ದಳು. ನಾನೂ ಗಿಡ್ಡಿಯೂ ಮಾತ್ರ ನಿಂತಿರಲಿಲ್ಲ, ಯಾಕೆಂದರೆ ಯಾರಾದರೂ ಉಚ್ಚೆಯ ಚೀಲ ಖಾಲಿ ಮಾಡಬೇಕಲ್ಲ. ಮೇಡಂ ಬೆರಳು ಮಡಚಿ ಎಣಿಸಿದರು. "ಪರವಾಗಿಲ್ಲ, ನಿಯಮಕ್ಕಿಂತ ಹೆಚ್ಚೇ ಇದ್ದಾರೆ" ಅಂದರು. ಅಣ್ಣ ಕೈಮುಗಿದ. "ಹೆತ್ತವರ ವಿಷಯದಲ್ಲಿ ಲೆಕ್ಕ ನೋಡೋಕಾಗುತ್ತಾ ಮೇಡಂ?"

ಆ ಮಾತು ಕಿವಿಗೆ ಬಿದ್ದಾಗ ನಾನು ಒಂದನೇ ಮಂಚದ ಹತ್ತಿರ ಇದ್ದೆ. ಅಲ್ಲಿರುವವರು ಗಡಿಯಾರದ ತಾತ. ಬದುಕೆಲ್ಲ ಗಡಿಯಾರ ರಿಪೇರಿ ಮಾಡಿದವರು. ಸೊಂಟದ ಕೆಳಗೆ ಜೀವವಿಲ್ಲ, ನಾಲಿಗೆಗೆ ಮಾತ್ರ ಎರಡಾಳಿನ ಜೀವ. ಮೈ ಭಾರಿ. ಅವರನ್ನು ಹೊರಳಿಸುವ ಹೊತ್ತು ಅದು. ನಮ್ಮಮ್ಮನನ್ನೂ.

ನಾನು ಯೋಚನೆ ಮಾಡಿ ಮಾತಾಡಲಿಲ್ಲ. ಬಾಯಿ ತಾನೇ ಆಡಿತು. "ಅಣ್ಣ, ನಮ್ಮಮ್ಮನ್ನ ಹೊರಳಿಸೋ ಹೊತ್ತಾಯ್ತು. ಇವತ್ತು ಇಷ್ಟೊಂದು ಜನ ಇದೀವಲ್ಲ. ಚಾರ್ಜ್ ಕೊಟ್ಟು ಮನೆಗೆ ಹೋಗಿ ಬರ್ತೀನಿ."

ಅಣ್ಣನ ನಗು ಮುಖದ ಮೇಲೇ ಉಳಿಯಿತು, ಒಳಗಿನ ಮನುಷ್ಯ ಮಾತ್ರ ಹಿಂದೆ ಸರಿದ. "ಆಮೇಲೆ ಮಾತಾಡೋಣ ತಂಗಿ."

ಮೇಡಂ ತಿರುಗಿದರು. "ಏನಾಗಿದೆ ನಿಮ್ಮ ತಾಯಿಗೆ?"

ಹೇಳಿದೆ. ಮನೆ ಎಲ್ಲಿ ಅಂದರು. ಕಿಟಕಿಯ ಹೊರಗೆ ತೋರಿಸಿದೆ. ಅವರು ತಗಡು ನೋಡಿದರು. "ಇಷ್ಟು ನರ್ಸ್ ಇರುವಾಗ ಒಬ್ಬರನ್ನ ಕಳಿಸೋಕೇನ್ರಿ ಕಷ್ಟ?" ಅಂದರು ಅಣ್ಣನಿಗೆ.

ಏನು ಹೇಳುತ್ತಾನೆ? ಇವರು ನರ್ಸ್‌ಗಳಲ್ಲ ಅನ್ನುವನೇ?

"ಕಷ್ಟ ಏನಿಲ್ಲ ಮೇಡಂ" ಅಂದ.

ನಾನು ಸೊಪ್ಪಿನಕ್ಕನ ಮುಖ ನೋಡಿದೆ. ಸೀನಿಯರ್‌ನ ಕೇಳಿ ಅನ್ನಬೇಕಾದವಳು ಅವಳು. ಸೀನಿಯರ್ ನಾನೇ. ಅವಳು ಮಂಚದ ಆ ಕಡೆ ಬಂದು ನಿಂತಳು. "ಹೆಂಗೆ ಹಿಡೀಬೇಕು ತೋರ್ಸು" ಅಂದಳು ಮೆಲ್ಲಗೆ. "ನಿಂತು ಕೂಲಿ ತಗೊಂಡು ನನಗೂ ಅಭ್ಯಾಸ ಇಲ್ಲ." ತಾತನ ಅಡಿಯ ಹಾಸು ಬಟ್ಟೆಯ ಅಂಚು ಸುತ್ತಿ ಅವಳ ಮುಷ್ಟಿಗೆ ಕೊಟ್ಟೆ. ಒಂದು, ಎರಡು, ಮೂರು. ತಾತ ಹಗುರಾಗಿ ಹೊರಳಿದರು. ಅಷ್ಟು ಹಗುರಾಗಿ ಅವರು ಎಂದೂ ಹೊರಳಿರಲಿಲ್ಲ.

"ಇವಳನ್ನ ಕಾಯಂ ಮಾಡ್ಕೊಳ್ಳಿ" ಅಂದರು ತಾತ ದಿಂಬಿನೊಳಗಿಂದ. "ನನ್ನನ್ನ ಮೂಟೆ ಥರ ಅಲ್ಲ, ಸೊಪ್ಪಿನ ಕಟ್ಟಿನ ಥರ ಎತ್ತಿದ್ಲು."

ಸೊಪ್ಪಿನಕ್ಕ ಬೆಚ್ಚಿದಳು. ಅದು ತಾತನ ಬಾಯಿಗೆ ಬಂದ ಮಾತು ಅಷ್ಟೇ, ಅವರಿಗೇನು ಗೊತ್ತು. ಅವರ ಹೆಗಲ ಮೇಲೆ ಕೈಯಿಟ್ಟು, ನಾನು ಹೇಳಿಕೊಟ್ಟ ಹಾಗೆ, "ತಗೊಂಡೆ" ಅಂದಳು. ಉಳಿದ ಹಾಸಿಗೆಗಳನ್ನು ಗಿಡ್ಡಿ ತಗೊಂಡಳು. ಮೆಟ್ಟಿಲಿಳಿಯುವಾಗ ಹಿಂದೆ ದೊಡ್ಡಮ್ಮನ ಪಿಸುಮಾತು ಕೇಳಿಸಿತು. "ಏ, ನಿನ್ನ ಕರೆದದ್ದು ನಿಲ್ಲೋಕೆ! ಕೆಲಸ ಮಾಡು ಅಂದವರಾರು?"

ಹಗಲಲ್ಲಿ ನಮ್ಮ ಮನೆಯನ್ನು ಕಂಡು ಎಷ್ಟು ಕಾಲವಾಗಿತ್ತು! ತಗಡಿನ ತೂತಿನಿಂದ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ಅಮ್ಮನ ಹೊದಿಕೆಯ ಮೇಲೆ ಬಿದ್ದಿತ್ತು. ಅಮ್ಮ ಸೊಟ್ಟ ಬಾಯಲ್ಲಿ ಕೇಳಿದ ಮೊದಲ ಮಾತು, "ಯಾಕೇ ಹಗಲಲ್ಲೇ ಬಂದೆ? ಕೆಲಸ ಹೋಯ್ತಾ?"

"ಇನ್ನೂ ಇಲ್ಲ" ಅಂದೆ.

ಹೊರಳಿಸಿದೆ. ಬಟ್ಟೆಗೆ ಅಂಟಿದ ಬೊಬ್ಬೆ ಒಡೆದಿತ್ತು. ಉಪ್ಪುನೀರು ಕಾಯಿಸಿ ಆರಿಸಿ ತೊಳೆದೆ. ಅಮ್ಮ ಹಲ್ಲು ಕಚ್ಚಿದಳು, ಕೂಗಲಿಲ್ಲ. ಬೇರೆಯವರ ಮನೆಯಲ್ಲಿ ಕಸಮುಸುರೆ ಮಾಡಿ ನನ್ನನ್ನು ನರ್ಸ್ ಓದಿಸಿದವಳು. ಕಾಯಿಲೆ ಬಿದ್ದರೆ ನೋಡಿಕೊಳ್ಳಲು ಮನೆಯಲ್ಲೇ ಒಬ್ಬಳಿರುತ್ತಾಳೆ ಅಂತ ಸಾಲಿನವರಿಗೆಲ್ಲ ಹೇಳಿಕೊಂಡು ತಿರುಗಿದವಳು. ಬಲಕ್ಕೆ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟೆ. ಉಸ್ ಅಂದಳು. ಆ ಉಸ್ ಕೇಳಿದ ಮೇಲೆ ನನ್ನೊಳಗೆ ಒಂದು ತೀರ್ಮಾನವಾಯಿತು. ಮಧ್ಯಾಹ್ನ ನಾನು ಬರುತ್ತೇನೆ. ಇವತ್ತಲ್ಲ, ದಿನಾ.

ಮುಕ್ಕಾಲು ಗಂಟೆಗೆ ಸರಿಯಾಗಿ ವಾಪಸು ಬಂದೆ. ಮೇಡಂ ಹೋಗಿಯಾಗಿತ್ತು. ಊಟದ ಕೋಣೆಯಲ್ಲಿ ಬಿಳಿ ಬಟ್ಟೆಗಳ ರಾಶಿ, ಕೂಲಿ ತೆಗೆದುಕೊಂಡ ಹೆಂಗಸರು ವ್ಯಾನ್ ಹತ್ತುತ್ತಿದ್ದರು. ಸೊಪ್ಪಿನಕ್ಕ ಮಾತ್ರ ಯೂನಿಫಾರ್ಮ್‌ನಲ್ಲೇ ಮೇಲಿದ್ದಳು. ಚಾರ್ಜ್ ವಾಪಸು ಕೊಡದೆ ಹೋಗಬಾರದು ಅಂತ ಗಿಡ್ಡಿ ಹೇಳಿದ್ದಳಂತೆ. ತಾತನ ಹೆಗಲ ಮೇಲೆ ಕೈಯಿಟ್ಟು ನಾನು "ತಗೊಂಡೆ" ಅನ್ನುವಷ್ಟರಲ್ಲಿ ಅಣ್ಣ ಬಂದ. ಹಿಂದೆ ದೊಡ್ಡಮ್ಮ. ಗಲಾಟೆಯ ವಾಸನೆ ಹಿಡಿದು ಮೇಲಿನ, ಕೆಳಗಿನ ಮಹಡಿಯ ನರ್ಸ್‌ಗಳೂ ಮೆಟ್ಟಿಲ ಹತ್ತಿರ ಬಂದು ನಿಂತರು.

ಅವನ ಬಾಯಲ್ಲಿ ತಂಗಿ ಇರಲಿಲ್ಲ. "ಏನು ತಿಳ್ಕೊಂಡಿದ್ದೀಯ ನೀನು? ಮೇಡಂ ಮುಂದೆ ಮಾನ ಕಳೀತೀಯಾ? ಪರವಾನಗಿ ಹೋಗಿದ್ರೆ ಯಾರು ಗತಿ? ನಾಳೆಯಿಂದ ಬರಬೇಡ. ನಾಳೆ ಯಾಕೆ, ಈಗಲೇ ನಡಿ!"

ಮಂಚದ ಕಂಬಿ ಹಿಡಿದುಕೊಂಡೆ.

"ಆಗಲಿ ಅಣ್ಣ. ಚಾರ್ಜ್ ಯಾರಿಗೆ ಕೊಡಲಿ?"

"ಇವಳಿಗೆ ಕೊಡು" ಅಂದ, ಗಿಡ್ಡಿಯನ್ನು ತೋರಿಸಿ.

ಗಿಡ್ಡಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾನು ತಗೊಳ್ಳಲ್ಲ."

"ಏನಂದೆ?"

"ತಗೊಳ್ಳಲ್ಲ ಅಂದೆ. ಅನುಕೂಲದ ವೇಳೆ ಅಲ್ವಾ? ನನಗೆ ಈಗ ಅನುಕೂಲ ಇಲ್ಲ."

ಅಣ್ಣ ಮೆಟ್ಟಿಲ ಕಡೆ ನೋಡಿದ. ಅಲ್ಲಿದ್ದವರ ಕೈಗಳು ಒಂದೊಂದಾಗಿ ಹಿಂದೆ ಹೋದವು. ಯಾರೂ ಕೂಗಲಿಲ್ಲ, ಧಿಕ್ಕಾರ ಅನ್ನಲಿಲ್ಲ. ಕೈ ಹಿಂದೆ ಹೋದವು, ಅಷ್ಟೇ. ಅಣ್ಣ ಸೊಪ್ಪಿನಕ್ಕನ ಕಡೆ ತಿರುಗಿದ. "ನೀನು ತಗೊಂಡ್ಯಲ್ಲ ಆಗಲೇ? ತಗೋ. ದುಡ್ಡು ಕೊಡ್ತೀನಿ."

"ಆಗ ಅವಳು ಅಮ್ಮನ ಹತ್ರ ಹೊರಟಿದ್ಲು, ತಗೊಂಡೆ" ಅಂದಳು ಅವಳು. "ಈಗ ನೀನು ಅವಳನ್ನ ಬೀದಿಗೆ ಹಾಕ್ತಿದ್ದೀಯ. ಅದಕ್ಕೆ ನನ್ನ ಕೈ ಸಿಗಲ್ಲಪ್ಪ."

ಅಣ್ಣ ಮೆಲ್ಲಗೆ ನಕ್ಕ. ಗುಟ್ಟು ಗೊತ್ತಿದ್ದವನ ನಗು. "ನೋಡೋಣ. ಎಷ್ಟು ಹೊತ್ತು ಕೈಕಟ್ಟಿ ನಿಲ್ತೀರಿ ನೋಡೋಣ. ಈ ಮುದುಕರು ನರಳಿದ್ರೆ ನಿಮ್ಮ ಕೈ ಸುಮ್ಮನಿರುತ್ತಾ? ನನಗೆ ಗೊತ್ತಿಲ್ವಾ ನಿಮ್ಮ ಬುದ್ಧಿ?"

ಅವನು ಹೇಳಿದ್ದು ನಿಜ. ಇಷ್ಟು ವರ್ಷ ಅವನು ಸಂಬಳ ಉಳಿಸಿದ್ದು ನಮ್ಮ ಆ ಬುದ್ಧಿಯಿಂದಲೇ. ತಾತನ ಬಟ್ಟೆ ಒದ್ದೆಯಾಗಿತ್ತು, ಬದಲಿಸಲು ಅವರನ್ನು ಹೊರಳಿಸಲೇಬೇಕಿತ್ತು. ನನ್ನ ಕೈ ತಾನಾಗಿಯೇ ಹಾಸು ಬಟ್ಟೆಯ ಅಂಚಿಗೆ ಹೋಯಿತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೆ, ಹಗ್ಗ ಕಿತ್ತ ಕರುವನ್ನು ಹಿಡಿದ ಹಾಗೆ.

ತಾತ ನನ್ನ ಮುಖ ನೋಡಿದರು. ಅಣ್ಣನ ಮುಖ ನೋಡಿದರು. "ನೀನು ಸುಮ್ನಿರಮ್ಮ" ಅಂದರು. "ನನಗೇನೂ ಅವಸರ ಇಲ್ಲ. ನನ್ನ ಮಗ ತಿಂಗಳು ತಿಂಗಳು ದುಡ್ಡು ಕಟ್ಟೋದು ಇವನಿಗೆ. ಬಾರಪ್ಪ, ನೀನೇ ಬಾ. ಫೋಟೋದಲ್ಲಿ ಚೆನ್ನಾಗಿ ಮಾಡ್ತೀಯ ನೀನು."

ಮೂರನೇ ಮಂಚದ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಅವಳೂ ನಕ್ಕಳು.

ಅಣ್ಣ ಕೋಟು ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ಟ. ತೋಳು ಮಡಚಿದ. ತಾತನ ಬೆನ್ನಡಿ ಕೈ ತೂರಿಸಿದ. ಎತ್ತಿದ. ತಾತ ಕದಲಲಿಲ್ಲ. ಮೊಣಕಾಲು ಮಂಚಕ್ಕೆ ಕೊಟ್ಟು ಮತ್ತೆ ಎತ್ತಿದ. ಅರ್ಧಕ್ಕೆ ಬಂದರು. ಅಲ್ಲಿಂದ ಮುಂದಕ್ಕೂ ತಳ್ಳಲಾಗದು, ಹಿಂದಕ್ಕೂ ಬಿಡಲಾಗದು. ಬಿಟ್ಟರೆ ತಾತನ ತಲೆ ಕಂಬಿಗೆ ಬಡಿಯುತ್ತದೆ. ಕುತ್ತಿಗೆಯ ನರ ಉಬ್ಬಿತು. ತಾತನ ಒದ್ದೆ ಬಟ್ಟೆ ಅವನ ಎದೆಗೆ ಒತ್ತಿಕೊಂಡು ಇಸ್ತ್ರಿ ಅಂಗಿಯ ಮೇಲೆ ಹಳದಿ ಹರಡಿತು. ಅವನ ಮೂಗಿನ ತುದಿಯಿಂದ ಬೆವರು ತಾತನ ಕಿವಿಗೆ ತೊಟ್ಟಿಕ್ಕಿತು.

"ದಿನಾ ಹೀಗೇ ಇರುತ್ತೆ ಕಣಪ್ಪ" ಅಂದರು ತಾತ. "ಅವರಿಗೆ ಅಭ್ಯಾಸ."

"ದೊಡ್ಡಮ್ಮ!" ಅಂತ ಕೂಗಿದ. ದೊಡ್ಡಮ್ಮ ಕೋಟು ನೋಡಿದಳು, ನಮ್ಮ ಮುಖ ನೋಡಿದಳು. ಅವಳೂ ಒಂದು ಕಾಲದಲ್ಲಿ ಈ ಮಹಡಿಯಲ್ಲೇ ನರ್ಸ್ ಆಗಿದ್ದವಳು. "ನನಗೆ ಸೊಂಟನೋವು" ಅಂದಳು. ಅದು ಸುಳ್ಳಲ್ಲ.

"ಹಿಡ್ಕೊಳ್ರೇ! ಬೀಳ್ತಾರೆ!"

ನನ್ನ ಎರಡೂ ಕೈ ಆಗಲೇ ಮುಂದೆ ಬಂದಿದ್ದವು. ತಾತನ ತಲೆ ಕಂಬಿಗೆ ತಾಗದ ಹಾಗೆ ಅಂಗೈ ಒಡ್ಡಿದ್ದೆ. ಅವರನ್ನು ಬೀಳಿಸುವುದು ನನ್ನಿಂದಾಗದು. ಆದರೆ ಎತ್ತಲಿಲ್ಲ.

"ನಾಳೆ ಮಧ್ಯಾಹ್ನ ಅಣ್ಣ?"

"ಹೋಗು!"

"ನಾಳಿದ್ದು?"

"ದಿನಾ ಹೋಗಿ ಸಾಯಿ! ಹಿಡ್ಕೋ ಮೊದಲು!"

"ಸಂಬಳ ಹಿಡೀದೆ?"

"ಹಿಡೀದೆ! ಹಿಡೀದೆ ಮಾರಾಯ್ತಿ!"

ಎಲ್ಲರ ಮುಂದೆ ಹೇಳಿದ್ದು. ಸೊಪ್ಪಿನಕ್ಕ ಆ ಕಡೆಯಿಂದ ಹಾಸು ಬಟ್ಟೆ ಎಳೆದಳು, ನಾನು ಈ ಕಡೆಯಿಂದ. ತಾತ ಹೊರಳಿ ಬಲ ಮಗ್ಗುಲಿಗೆ ಬಂದು ದಿಂಬಿನಲ್ಲಿ ನಿರಾಳವಾಗಿ ಉಸಿರು ಬಿಟ್ಟರು. ಅಣ್ಣ ಮಂಚದ ಕಂಬಿಗೆ ಒರಗಿ ಏದುಸಿರು ಬಿಡುತ್ತಾ ಅಂಗಿಯ ಒದ್ದೆಯನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದುಕೊಂಡ. ಕೋಟಿಗೆ ಕೈಚಾಚಿದ.

ಅಷ್ಟರಲ್ಲಿ ಗಿಡ್ಡಿ ಎರಡನೇ ಮಂಚದ ಹತ್ತಿರ ಹೋಗಿ ನಿಂತಿದ್ದಳು. ಕೈ ಇನ್ನೂ ಬೆನ್ನ ಹಿಂದೆಯೇ.

"ಬನ್ನಿ ಅಣ್ಣ" ಅಂದಳು. "ಸಂಬಳದ ಮಾತು ಇಲ್ಲಿ ಆಡೋಣ."